ಓಡಿ ಹೋದ ಸೈನ್ಯ ಯಾಕೆ ಸೋಲುತ್ತೆ?

 

ಮೊನ್ನೆ ಶನಿವಾರ ಮಗಳ ಜೊತೆ ‘ರೋಮ್: ಟೋಟಲ್ ವಾರ್’ ಆಡ್ತಿದ್ದೆ. ನನ್ನ ಸೈನ್ಯವೇ ದೊಡ್ಡದು. ಖುಷಿಯಲ್ಲಿ ಕಾಲಾಳುಗಳನ್ನೆಲ್ಲ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿಸಿದೆ. ಹೋಗಿ ಮುಟ್ಟಿದರು, ಸ್ವಲ್ಪ ಹೊತ್ತಿಗೇ ಬೆನ್ನು ತೋರಿಸಿದರು. “ಅಪ್ಪಾ, ಅವರಿಗೆ ಸುಸ್ತಾಗಿತ್ತು, ನೀನು ನೋಡ್ಲೇ ಇಲ್ಲ” ಅಂದಳು. ಇವತ್ತಿನ ಪಾಠ ಅದೇ.

ಮೊದಲು ವೇಗ. 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟದಲ್ಲಿ ಮಿಲಿಷಿಯಾ ಕಾಲಾಳಿನ ವೇಗ 0.9, ನೈಟ್ ಸವಾರನದು 1.35. ಅಂದರೆ ಒಂದೂವರೆ ಪಟ್ಟು. ಆ ಆಟದಲ್ಲಿ ದಣಿವು ಅನ್ನೋದೇ ಇಲ್ಲ. ಹಾಗಾಗಿ ಕುದುರೆ ಮೇಲಿನ ಬಿಲ್ಲುಗಾರ ಬಾಣ ಬಿಟ್ಟು, ಹಿಂದೆ ಸರಿದು, ಮತ್ತೆ ಬಿಡುತ್ತಾ ದಿನವಿಡೀ ಕಾಡಬಹುದು. ವೇಗ ಇದ್ದವನಿಗೆ ಸಿಗೋದು ಒಂದು ದೊಡ್ಡ ಹಕ್ಕು: ಕಾದಾಡಬೇಕೋ ಬೇಡವೋ ಅನ್ನೋದನ್ನ ಅವನೇ ತೀರ್ಮಾನಿಸ್ತಾನೆ.

‘ಟೋಟಲ್ ವಾರ್’ನಲ್ಲಿ ಹಾಗಲ್ಲ. ಓಡಿದರೆ ದಣಿವು ಏರುತ್ತೆ, ನಿಂತರೆ ನಿಧಾನವಾಗಿ ಇಳಿಯುತ್ತೆ. ದಣಿದ ದಳ ಸರಿಯಾಗಿ ಹೊಡೆದಾಡಲ್ಲ, ಬೇಗ ಧೈರ್ಯ ಕಳ್ಕೊಳ್ಳುತ್ತೆ. ಇಲ್ಲಿ ವೇಗ ಅನ್ನೋದು ಸಾಲ. ತೀರಿಸಬೇಕಾದ್ದು ಶತ್ರು ಎದುರಿಗೆ ನಿಂತಾಗ.

ದೇಹದಲ್ಲೂ ಲೆಕ್ಕ ಹೀಗೇ. ಜೋರಾಗಿ ಓಡುವಾಗ ಸ್ನಾಯುಗಳು ಮೊದಲು ಬಳಸೋದು ಫಾಸ್ಫೋಕ್ರಿಯಾಟಿನ್ ಅನ್ನೋ ಸಣ್ಣ ದಾಸ್ತಾನನ್ನ. ಪೂರ್ತಿ ಶಕ್ತಿ ಹಾಕಿ ಓಡಿದರೆ ಸುಮಾರು 10 ಸೆಕೆಂಡಿನಲ್ಲೇ ಅದರ ಬಹುಪಾಲು ಖಾಲಿ. ಸಮಾಧಾನ ಏನಂದರೆ, ನಿಂತು ಉಸಿರು ತಗೊಂಡರೆ ಒಂದು ನಿಮಿಷದೊಳಗೇ ಸುಮಾರು ಅರ್ಧದಷ್ಟು ವಾಪಸ್ ತುಂಬುತ್ತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೈಮೇಲೆ ಕವಚ ಇದ್ದರೆ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು, 15ನೇ ಶತಮಾನದ ಮಾದರಿಯ ಉಕ್ಕಿನ ಕವಚ ತೊಟ್ಟವರನ್ನ ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ನೋಡಿದರು. ನಡೆಯೋಕೆ ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯ್ತು, ಓಡೋಕೆ ಹೆಚ್ಚುಕಡಿಮೆ ಎರಡು ಪಟ್ಟು. ಕಾಲಿಗೆ ಕಟ್ಟಿದ ಉಕ್ಕನ್ನ ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕಲ್ಲ! ಎದೆಕವಚದಿಂದ ಆಳವಾಗಿ ಉಸಿರಾಡೋದೂ ಕಷ್ಟ.

ಈಗ ಕ್ರಿ.ಪೂ. 48ರ ಗ್ರೀಸ್‌ಗೆ ಹೋಗೋಣ. ಫಾರ್ಸಲಸ್ ಬಯಲಲ್ಲಿ ಜೂಲಿಯಸ್ ಸೀಸರ್ ಮತ್ತು ಪಾಂಪೆ ಎದುರಾಬದುರು. ಪಾಂಪೆ ತನ್ನವರಿಗೆ ಹೇಳಿದ: ಕದಲಬೇಡಿ, ಅವರೇ ಬರಲಿ. ಸೀಸರನ ಸೈನಿಕರು ಎರಡರಷ್ಟು ದೂರ ಓಡಿ ಏದುಸಿರು ಬಿಡ್ತಾ ಬರ್ತಾರೆ ಅನ್ನೋದು ಲೆಕ್ಕ. ಲೆಕ್ಕವೇನೋ ಸರಿಯಾಗೇ ಇತ್ತು. ಆದರೆ ಸೀಸರನ ಹಳೇ ಹುಲಿಗಳು ಎದುರಿನವರು ಕದಲದ್ದನ್ನ ನೋಡಿದರು, ಯಾರ ಆಜ್ಞೆಯೂ ಇಲ್ಲದೆ ಅರ್ಧ ದಾರಿಯಲ್ಲಿ ನಿಂತರು! ಸ್ವಲ್ಪ ಸುಧಾರಿಸಿಕೊಂಡು ಮತ್ತೆ ನುಗ್ಗಿದರು. ಫಾಸ್ಫೋಕ್ರಿಯಾಟಿನ್ ಹೆಸರು ಅವರಿಗೆ ಗೊತ್ತಿರಲಿಲ್ಲ, ಅನುಭವ ಇತ್ತು.

ಇನ್ನೊಂದು ವಿಷಯ. ಸೀಸರ್ ತನ್ನ ಮೂರನೇ ಸಾಲನ್ನ ಅಲ್ಲೀವರೆಗೂ ಸುಮ್ಮನೆ ನಿಲ್ಲಿಸಿದ್ದ. ಪಾಂಪೆಯ ಕುದುರೆ ದಳ ಚದುರಿ, ಕಾಳಗ ಕಾವೇರಿದಾಗ ಅದನ್ನ ಬಿಟ್ಟ. ದಣಿದವರ ಜಾಗಕ್ಕೆ ದಣಿಯದವರು ಬಂದರು. ಅದನ್ನ ಎದುರು ಪಡೆ ತಡೆಯಲಾರದೆ ಓಡಿತು. ಸಂಖ್ಯೆಯಲ್ಲಿ ದೊಡ್ಡದು ಪಾಂಪೆಯ ಸೈನ್ಯವೇ ಆಗಿತ್ತು.

ಹಾಗಾದರೆ ಆಟಕ್ಕೆ ಕೂತಾಗ ಮೂರು ಮಾತು ನೆನಪಿರಲಿ. ಒಂದು, ಬಾಣದ ಅಳತೆಗೆ ಸಿಗೋವರೆಗೂ ನಡೆಸಿ, ಕೊನೇ ಹಂತಕ್ಕೆ ಮಾತ್ರ ಓಟ. ಎರಡು, ನಿಮ್ಮ ಹಗುರ ಕುದುರೆ ದಳದಿಂದ ಎದುರಾಳಿಯ ಭಾರಿ ಕವಚದವರನ್ನ ಓಡಾಡಿಸಿ. ಮೂರು, ಒಂದು ದಳವನ್ನ ಮುಟ್ಟದೆ ಇಟ್ಕೊಳ್ಳಿ, ಎಲ್ಲರೂ ದಣಿದಾಗ ಅದೇ ನಿಮ್ಮ ದೊಡ್ಡ ಆಯುಧ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಉಸಿರು ಇದ್ದಷ್ಟು ಓಡು. ಭಾನುವಾರ ಮತ್ತೆ ಅದೇ ಯುದ್ಧ ಆಡಿದೆ, ಈ ಸಲ ನಡೆಸಿಕೊಂಡು ಹೋದೆ. ಗೆದ್ದೆ. ಮಗಳು ಮಾತ್ರ “ಎಷ್ಟು ನಿಧಾನ ಅಪ್ಪಾ!” ಅಂದಳು.