ಹಳೆಯ ಕಾರು ದಿಢೀರನೆ ಓಲಾಡಿದಾಗ

ಲಕ್ಷ ಕಿಲೋಮೀಟರು ದಾಟಿದ ಕಾರಿನ ಬುಷ್, ಶಾಕ್ ಅಬ್ಸಾರ್ಬರ್‌ಗಳು ನಿಧಾನವಾಗಿ ಸವೆಯುತ್ತವೆ. ಚಾಲಕರ ಕೈ ತನಗರಿವಿಲ್ಲದೆಯೇ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ನಿನ್ನೆ ನೆಟ್ಟಗೆ ಓಡಿದ್ದ ಗಾಡಿ ಇಂದು ಓಲಾಡಿದರೆ ಯಾವುದೋ ಭಾಗ ಮುರಿದಿದೆ, ಸಡಿಲಗೊಂಡಿದೆ ಅಥವಾ ಸಿಕ್ಕಿಕೊಂಡಿದೆ ಎಂದೇ ಭಾವಿಸುವುದು ಕ್ಷೇಮ.

ಮೊದಲು ಟೈರು. ತಣ್ಣಗಿರುವಾಗಲೇ ಗಾಳಿ ಅಳೆದು, ಪಕ್ಕದ ಉಬ್ಬು, ಒಳ ಅಂಚಿನ ಸವೆತ ನೋಡಬೇಕು. ಇತ್ತೀಚೆಗೆ ಚಕ್ರ ಬಿಚ್ಚಿದ್ದರೆ ನಟ್‌ಗಳ ಬಿಗಿಯನ್ನು ಪರೀಕ್ಷಿಸಲೇಬೇಕು. ಸ್ವಲ್ಪ ದೂರ ಓಡಿದ ಮೇಲೆ ಒಂದೇ ಚಕ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಕ್ಯಾಲಿಪರ್ ಕಚ್ಚಿಕೊಂಡಿರುವ ಸಂಭವ ಹೆಚ್ಚು.

ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿದ ಕಾರಿನ ಮುಂದಿನ ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡನ್ನೂ, ಮೇಲೆ ಕೆಳಗೆ ಹಿಡಿದಾಗ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗನ್ನೂ ಶಂಕಿಸಬೇಕು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ವಾಲಿಕೊಂಡು ಕಾರು ಹತೋಟಿ ತಪ್ಪುತ್ತದೆ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು. ಲಾರಿಗೆ ಹೇರಿಸಿ ಒಯ್ಯುವುದೇ ಸರಿ.

ಅನೇಕರು ಮೊದಲೇ ವೀಲ್ ಅಲೈನ್‌ಮೆಂಟ್‌ಗೆ ಹಣ ಸುರಿಯುತ್ತಾರೆ. ಸಡಿಲ ಭಾಗ ಹಾಗೇ ಉಳಿದಿದ್ದರೆ ಆ ಅಳತೆ ನಿಲ್ಲುವುದಿಲ್ಲ. ಭಾಗ ಬದಲಿಸಿದ ಮೇಲಷ್ಟೇ ಅದರ ಸರದಿ.