ನಿರ್ಧಾರಕ್ಕೆ ನೆರವಾಗುವ ಗಣಕಯಂತ್ರ: ದಾಸ್ತಾನಿನ ಒಂದು ಪಾಠ

ಲೆಕ್ಕಪತ್ರ ಇಡುವುದಷ್ಟೇ ಅಲ್ಲದೆ, ‘ಹೀಗೆ ಮಾಡಿದರೆ ಏನಾದೀತು?’ ಎಂಬ ಪ್ರಶ್ನೆಗೂ ಗಣಕಯಂತ್ರ ಉತ್ತರ ಒದಗಿಸಬಲ್ಲದು. ಇಂಥ ಏರ್ಪಾಡಿಗೆ ‘ನಿರ್ಧಾರ ಬೆಂಬಲ ವ್ಯವಸ್ಥೆ’ ಎಂದು ಹೆಸರು.

ಕಾರ್ಖಾನೆಯೊಂದಕ್ಕೆ ವರ್ಷಕ್ಕೆ 1,000 ಚೀಲ ಕಚ್ಚಾವಸ್ತು ಬೇಕೆಂದುಕೊಳ್ಳೋಣ. ಪ್ರತಿ ಸಲ ತರಿಸುವ ಖರ್ಚು 200 ರೂಪಾಯಿ. ಚೀಲವೊಂದನ್ನು ವರ್ಷವಿಡೀ ದಾಸ್ತಾನಿಡಲು ಬಡ್ಡಿ, ಬಾಡಿಗೆ ಸೇರಿ 40 ರೂಪಾಯಿ. ಬೇಡಿಕೆಯನ್ನು ತರಿಸುವ ಖರ್ಚಿನಿಂದ ಗುಣಿಸಿ, ಇಮ್ಮಡಿಗೊಳಿಸಿ, ದಾಸ್ತಾನು ವೆಚ್ಚದಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಇದು 1913ರಲ್ಲಿ ಫೋರ್ಡ್ ಹ್ಯಾರಿಸ್ ಪ್ರಕಟಿಸಿದ ಸೂತ್ರ. ಇದರಂತೆ ಒಮ್ಮೆಗೆ 100 ಚೀಲ ತರಿಸುವುದು ಲಾಭಕರ. ಎರಡೂ ಬಾಬಿನ ವಾರ್ಷಿಕ ವೆಚ್ಚ 4,000 ರೂಪಾಯಿ.

ಮಾಲೀಕರು ಬಡ್ಡಿಯನ್ನು ಮರೆತು, ದಾಸ್ತಾನು ವೆಚ್ಚ 10 ರೂಪಾಯಿ ಎಂದು ನಮೂದಿಸಿದರೆ ಯಂತ್ರವು 200 ಚೀಲ ತರಿಸಲು ಸೂಚಿಸುತ್ತದೆ. ಆಗ ನಿಜವಾದ ವೆಚ್ಚ 5,000 ರೂಪಾಯಿಗೆ ಏರುತ್ತದೆ. ಬಂಡವಾಳವೂ ಗೋದಾಮಿನಲ್ಲಿ ಸಿಲುಕುತ್ತದೆ. ಈ ತಪ್ಪನ್ನು ಸೂತ್ರವು ತಾನಾಗಿ ಗುರುತಿಸದು.

ಆದುದರಿಂದ ಬಡ್ಡಿ, ಬಾಡಿಗೆ, ಹಾಳಾಗುವ ಸರಕಿನ ನಷ್ಟ ಇವನ್ನು ಲೆಕ್ಕಪುಸ್ತಕದಿಂದ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಅನಂತರ ಒಂದೊಂದೇ ಅಂಕಿಯನ್ನು ಬದಲಿಸಿ ಫಲಿತಾಂಶವನ್ನು ಪರೀಕ್ಷಿಸಬೇಕು. ಬೇಡಿಕೆ ವರ್ಷವಿಡೀ ಸಮನಾಗಿರುತ್ತದೆಂದು ಈ ಸೂತ್ರ ಭಾವಿಸುತ್ತದೆ. ಹಬ್ಬದ ಕಾಲದ ಬೇಡಿಕೆ, ಸರಬರಾಜಿನ ವಿಳಂಬ ಇವನ್ನು ತೂಗಿ ನೋಡಿ ಅಂತಿಮ ನಿರ್ಧಾರ ಕೈಗೊಳ್ಳುವ ಹೊಣೆ ವ್ಯಾಪಾರಿಯದೇ.