ಕೆರೆಯಂಗಳದಿಂದ ಕಡಲಂಚಿಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿ ದೇವನಹಳ್ಳಿ ಹೊಸಕೋಟೆಗಳ ಕಡೆಗೂ ಇಳಿದುಬರುತ್ತವೆಯಾದರೂ ಅವೆರಡೂ ಮಳೆಯ ಕೃಪೆಯನ್ನು ನಂಬಿ ಬದುಕುವ ತೊರೆಗಳು. ಈ ಕೊರತೆಯನ್ನು ಅರಿತ ನಮ್ಮ ಹಿರಿಯರು ಬಿದ್ದ ಮಳೆಯನ್ನು ಹಳ್ಳಹಳ್ಳಗಳಲ್ಲಿ ತಡೆದು ನಿಲ್ಲಿಸಿದರು. ಹೊಸಕೋಟೆಯ ದೊಡ್ಡ ಅಮಾನಿಕೆರೆ, ದೊಡ್ಡಬಳ್ಳಾಪುರದ ನಾಗರಕೆರೆ ಮೊದಲುಗೊಂಡು ಊರೂರಿನ ಚಿಕ್ಕ ಕಟ್ಟೆಗಳವರೆಗೆ ಎಲ್ಲವೂ ಹೀಗೆ ಹುಟ್ಟಿದುವು. ಗದ್ದೆಗೆ ನೀರು, ದನಕರುಗಳಿಗೆ ನೀರು, ಬಾವಿಗೆ ಒರತೆ, ಇವಿಷ್ಟೇ ಅವರ ಉದ್ದೇಶವಾಗಿದ್ದಿರಬೇಕು. ಆದರೆ ಅವರು ತಮಗೇ ತಿಳಿಯದಂತೆ ಮತ್ತೊಂದು ಧರ್ಮಕಾರ್ಯವನ್ನೂ ಮಾಡಿದರು. ಸಾವಿರಾರು ಕಿಲೋಮೀಟರ್ ದೂರದಿಂದ ದಣಿದು ಬರುವ ಹಕ್ಕಿಗಳಿಗೆ ಅನ್ನಸತ್ರಗಳನ್ನು ಕಟ್ಟಿಸಿದರು.

ಈ ಅತಿಥಿಗಳು ಬರಲು ತೊಡಗುವುದು ಮಳೆಗಾಲದ ಕೊನೆಯ ದಿನಗಳಲ್ಲಿ. ಮೊದಲು ಕಾಣಿಸಿಕೊಳ್ಳುವವುಗಳಲ್ಲಿ ಒಂದು, ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ನೀರಿನ ಅಂಚಿನಲ್ಲಿ ಓಡಾಡುವ ಬೂದು ಸಿಪಿಲೆ. ದಸರೆಯ ಹೊತ್ತಿಗೆ ಗೊರವಗಳು ಬಂದಿರುತ್ತವೆ. ದೀಪಾವಳಿ ಕಳೆದು ಚಳಿ ಬಲಿತಂತೆ ಸೂಜಿಬಾಲದ ಬಾತುಗಳೂ, ಸಲಿಕೆಯಂತಹ ಅಗಲ ಕೊಕ್ಕಿನ ಬಾತುಗಳೂ ಹಿಂಡುಹಿಂಡಾಗಿ ಕೆರೆಗಿಳಿಯುತ್ತವೆ. ತಂತಿಯ ಮೇಲೆ ಅಂಬರಕೀಚುಗಗಳು ಸಾಲುಗಟ್ಟುತ್ತವೆ. ಸಂಕ್ರಾಂತಿಯ ವೇಳೆಗೆ ಸತ್ರ ತುಂಬಿರುತ್ತದೆ. ಯುಗಾದಿ ಕಳೆದು ಬಿಸಿಲು ಏರುವಷ್ಟರಲ್ಲಿ ಬಹುಪಾಲು ಹಕ್ಕಿಗಳು ಹೊರಟುಹೋಗಿರುತ್ತವೆ.

ಇವು ಎಲ್ಲಿಂದ ಬರುತ್ತವೆ? ಏಕೆ ಬರುತ್ತವೆ? ಚಳಿಗೆ ಹೆದರಿ ಬರುತ್ತವೆ ಎಂದು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಗರಿಗಳ ಹೊದಿಕೆಯುಳ್ಳ ಹಕ್ಕಿ ಸಾಕಷ್ಟು ಚಳಿಯನ್ನು ತಡೆಯಬಲ್ಲದು, ಹಸಿವನ್ನು ತಡೆಯಲಾರದು. ಸೈಬೀರಿಯ, ಮಂಗೋಲಿಯ ಮೊದಲಾದ ಉತ್ತರ ದೇಶಗಳಲ್ಲಿ ಚಳಿಗಾಲ ಬಂದಾಗ ಸರೋವರಗಳು ಹೆಪ್ಪುಗಟ್ಟುತ್ತವೆ. ಕೆಸರು ಕಲ್ಲಾಗುತ್ತದೆ. ಕೆಸರಿನ ಹುಳು, ನೀರಿನ ಗಿಡ ಯಾವುದೂ ಕೊಕ್ಕಿಗೆ ಎಟುಕುವುದಿಲ್ಲ. ಆಗ ಹಕ್ಕಿ ದಕ್ಷಿಣಕ್ಕೆ ಹೊರಡುತ್ತದೆ. ಬೇಸಗೆ ಬಂದಾಗ ಅದೇ ಉತ್ತರದಲ್ಲಿ ಹಗಲು ಬಹಳ ದೀರ್ಘ. ಮರಿಗಳಿಗೆ ಬೇಕಾದ ಹುಳುಹುಪ್ಪಟೆ ಅಪಾರ. ಆದುದರಿಂದ ಗೂಡು ಕಟ್ಟಲು ಮರಳಿ ಅಲ್ಲಿಗೇ ಹೋಗುತ್ತದೆ. ಹುಟ್ಟಿದ ಮನೆ ಅಲ್ಲಿ, ಉಣ್ಣುವ ಮನೆ ಇಲ್ಲಿ.

ಕಿರಿಗೊರವ ಎಂಬ ಹಕ್ಕಿಯನ್ನು ನೋಡಿರಿ. ಗಾತ್ರದಲ್ಲಿ ಗುಬ್ಬಚ್ಚಿಗಿಂತ ದೊಡ್ಡದೇನಲ್ಲ. ತೂಕ ಸುಮಾರು 25 ಗ್ರಾಂ. ಆರ್ಕ್ಟಿಕ್ ಸಾಗರದ ಅಂಚಿನ ಮರಗಳಿಲ್ಲದ ಬಯಲಿನಲ್ಲಿ ಇದು ಮೊಟ್ಟೆಯಿಡುತ್ತದೆ. ಅಲ್ಲಿಂದ ನಮ್ಮ ಕೆರೆಗೆ ನೇರವಾಗಿ ಅಳೆದರೂ 6,000 ಕಿಲೋಮೀಟರಿಗಿಂತ ಹೆಚ್ಚು ದೂರವಾಗುತ್ತದೆ. ಪಟ್ಟೆತಲೆಯ ಹೆಬ್ಬಾತಿನ ಸಾಹಸ ಇನ್ನೊಂದು ಬಗೆಯದು. ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಬರುವ ಈ ಹಕ್ಕಿಗೆ ಹಿಮಾಲಯವೇ ಅಡ್ಡಗೋಡೆ. ವಿಜ್ಞಾನಿಗಳು ಇದರ ಮೈಗೆ ಪುಟ್ಟ ಉಪಕರಣಗಳನ್ನು ಕಟ್ಟಿ ನೋಡಿದಾಗ, ಒಂದು ಹೆಬ್ಬಾತು 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ಕಂಡುಬಂದಿತು. ಗಾಳಿ ತೆಳುವಾಗಿರುವ ಆ ಎತ್ತರದಲ್ಲಿಯೂ ಆಮ್ಲಜನಕವನ್ನು ಹಿಡಿದುಕೊಳ್ಳುವ ವಿಶೇಷ ಶಕ್ತಿ ಇದರ ರಕ್ತಕ್ಕಿದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಈ ಹೆಬ್ಬಾತುಗಳು ಪ್ರತಿವರ್ಷ ದೊಡ್ಡ ಸಂಖ್ಯೆಯಲ್ಲಿ ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳನ್ನು ಕರ್ನಾಟಕದ ಕೆರೆಗಳಲ್ಲಿ ಕಂಡವರಿದ್ದಾರೆ.

2008ರಿಂದ ದೇವನಹಳ್ಳಿಯ ಬಳಿ ದೊಡ್ಡ ವಿಮಾನನಿಲ್ದಾಣವಿದೆ. ಇಳಿಯುವ ಜಾಗ ಎಲ್ಲಿದೆಯೆಂದು ತಿಳಿಯದೆ ಯಾವ ವಿಮಾನವೂ ಹೊರಡುವುದಿಲ್ಲ. ದಾರಿಯ ನಿಲ್ದಾಣವನ್ನು ಮುಚ್ಚಿದರೆ ಮುಂಚೆಯೇ ಸುದ್ದಿ ಕಳುಹಿಸುತ್ತಾರೆ. ಹಕ್ಕಿಗೆ ಹಾಗೆ ಸುದ್ದಿ ಕಳುಹಿಸುವವರು ಯಾರೂ ಇಲ್ಲ. ಕಳೆದ ವರ್ಷ ಇದ್ದ ಕೆಸರು ಈ ವರ್ಷವೂ ಇರುವುದೆಂಬ ನಂಬಿಕೆಯೊಂದೇ ಅದರ ಆಧಾರ.

ಕೆಸರು ಎಂದೆನಲ್ಲವೆ? ಅದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಿರಿಯರು ಕಟ್ಟಿದ ಕೆರೆಗೆ ತಗ್ಗಿನ ಕಡೆಗೆ ಮಾತ್ರ ಏರಿ. ಉಳಿದ ಕಡೆಗಳಲ್ಲಿ ನೆಲ ತನ್ನ ಸಹಜವಾದ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ನೀರಿಗಿಳಿಯುತ್ತದೆ. ತೂಬಿನ ಬಳಿ ಆಳ, ನಡುವೆ ಸಾಧಾರಣ, ನೀರು ಒಳಬರುವ ಅಂಗಳದ ಕಡೆಗೆ ಗೇಣುದ್ದ, ಬೆರಳುದ್ದ. ಹೆಜ್ಜಾರ್ಲೆಯೂ ನೀರುಕಾಗೆಯೂ ಆಳದಲ್ಲಿ ಮೀನು ಹಿಡಿಯುತ್ತವೆ. ಸೂಜಿಬಾಲದ ಬಾತು ಸಾಧಾರಣ ಆಳದಲ್ಲಿ ತಲೆಯನ್ನು ಮುಳುಗಿಸಿ ಬಾಲವನ್ನು ಆಕಾಶಕ್ಕೆತ್ತಿ ತಳದ ಗಿಡವನ್ನು ಮೇಯುತ್ತದೆ. ಸಲಿಕೆಕೊಕ್ಕಿನ ಬಾತು ನೀರಿನ ಮೇಲ್ಮೈಯನ್ನು ಜರಡಿ ಹಿಡಿದಂತೆ ಸೋಸುತ್ತದೆ. ಅದರ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ರಚನೆಯಿದೆ. ಗೊರವಗಳಿಗೆ ಮಾತ್ರ ಅಂಗಳದ ಕೆಸರೇ ಬೇಕು. ಪುಷ್ಯ ಮಾಘ ಮಾಸಗಳಲ್ಲಿ ನೀರು ದಿನದಿನವೂ ಹಿಂದೆ ಸರಿದಂತೆ ಹೊಸ ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳು ಆ ಅಂಚನ್ನೇ ಹಿಂಬಾಲಿಸುತ್ತವೆ. ನೀರಿದ್ದ ವರ್ಷಗಳಲ್ಲಿ ಹೊಸಕೋಟೆ ಕೆರೆಯ ಏರಿಯ ಮೇಲೆ ಒಂದು ಮುಂಜಾನೆ ನಡೆದವರು ಈ ಪಂಕ್ತಿಭೋಜನವನ್ನು ಕಣ್ಣಾರೆ ನೋಡಬಹುದು.

ಇದೇ ಭೋಜನವನ್ನು ಇನ್ನೂ ವಿಸ್ತಾರವಾಗಿ ನೋಡಬೇಕೆಂದರೆ ಕಡಲತೀರಕ್ಕೆ ಹೋಗಬೇಕು. ಡಿಸೆಂಬರಿನ ಕೊನೆಯಲ್ಲಿ ನಾಲ್ಕು ದಿನಗಳ ಬಿಡುವು ಸಿಕ್ಕಿದರೆ ಸಾಕು. ದೊಡ್ಡಬಳ್ಳಾಪುರದಿಂದ ತುಮಕೂರು, ಶಿವಮೊಗ್ಗ, ಸಾಗರಗಳ ದಾರಿಯಾಗಿ ಸಾಗಿ, ಗೇರುಸೊಪ್ಪೆಯ ಘಟ್ಟವನ್ನಿಳಿದರೆ ಹೊನ್ನಾವರ. ಅಲ್ಲಿಂದ ಉತ್ತರಕ್ಕೆ ಕುಮಟಾ. ಕುಮಟೆಯ ಸಮೀಪದಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುತ್ತದೆ. ಶಿರಸಿಯ ಕಡೆ ಹುಟ್ಟುವ ಈ ನದಿಗೆ ಯಾರೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಮಣ್ಣನ್ನೂ ತರಗೆಲೆಯ ಸಾರವನ್ನೂ ಹೊತ್ತು ತಂದು ಅದು ಅಳಿವೆಯಲ್ಲಿ ಹರಡುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ವಿಶಾಲವಾದ ಹಿನ್ನೀರಿನ ಸುತ್ತ ಕಾಂಡ್ಲಾ ಗಿಡಗಳ ಹಸಿರು. ನಡುವೆ ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆಗಳು. ಉಪ್ಪನ್ನು ಸಹಿಸಿ ಬೆಳೆಯುವ ಕಗ್ಗ ಎಂಬ ಭತ್ತದ ತಳಿ ಈ ಗದ್ದೆಗಳದೇ ಸಂಪತ್ತು.

ಅಳಿವೆಯನ್ನು ನೋಡಲು ಹೋಗುವವರು ಮೊದಲು ಇಳಿತದ ವೇಳೆಯನ್ನು ಕೇಳಿ ತಿಳಿದುಕೊಳ್ಳಬೇಕು. ಉಬ್ಬರದಲ್ಲಿ ಹೋದರೆ ಕಾಣುವುದು ಬರಿಯ ನೀರು. ಹಕ್ಕಿಗಳು ದೂರದ ದಿಬ್ಬಗಳಲ್ಲಿ ಒಂಟಿಕಾಲಿನಲ್ಲಿ ನಿಂತು ನಿದ್ರಿಸುತ್ತಿರುತ್ತವೆ. ನೀರು ಇಳಿಯತೊಡಗಿದ ಮೇಲೆ ಕೆಸರಿನ ಬಯಲು ಮೈದೋರುತ್ತದೆ. ನೋಡನೋಡುತ್ತಿದ್ದಂತೆ ಹಕ್ಕಿಗಳು ಬಂದಿಳಿಯುತ್ತವೆ. ಬಾಗುಕೊಕ್ಕಿನ ದೊಡ್ಡ ಗೊರವಕ್ಕೆ 15 ಸೆಂಟಿಮೀಟರಿನವರೆಗೂ ಉದ್ದವಾದ ಕೊಕ್ಕು; ಅದು ಆಳದ ಬಿಲಗಳಿಂದ ಏಡಿಯನ್ನೂ ಹುಳುವನ್ನೂ ಎಳೆದು ತೆಗೆಯುತ್ತದೆ. ಮೇಲ್ಪದರದ ಹುಳುಗಳು ಕಿರಿಗೊರವದ ಪಾಲು. ಇನ್ನು ಕೆಲವು ಗಿಡ್ಡ ಕೊಕ್ಕಿನ, ದೊಡ್ಡ ಕಣ್ಣಿನ ಹಕ್ಕಿಗಳು ಕೆಸರನ್ನು ಚುಚ್ಚುವುದೇ ಇಲ್ಲ. ನಾಲ್ಕು ಹೆಜ್ಜೆ ಓಡುತ್ತವೆ, ನಿಲ್ಲುತ್ತವೆ, ಅಲುಗಿದ್ದನ್ನು ಕುಕ್ಕುತ್ತವೆ. ಒಂದೇ ಕೆಸರು, ಬೇರೆ ಬೇರೆ ಉದ್ದದ ಕೊಕ್ಕುಗಳು. ಆದುದರಿಂದ ಜಗಳ ಕಡಿಮೆ. ಮೇಲೆ ಹಾರಾಡುವ ಕಂದುತಲೆಯ ಕಡಲಕ್ಕಿ ಕೂಡ ಬೇಸಗೆಯನ್ನು ಕಡಲಿನಲ್ಲಿ ಕಳೆಯುವುದಿಲ್ಲ. ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಅದು ಮರಿಮಾಡುತ್ತದೆ. ನಮ್ಮಲ್ಲಿಗೆ ಬರುವ ವೇಳೆಗೆ ತಲೆಯ ಕಂದುಬಣ್ಣ ಅಳಿಸಿಹೋಗಿ, ಕಿವಿಯ ಹಿಂದೆ ಒಂದು ಮಚ್ಚೆ ಮಾತ್ರ ಉಳಿದಿರುತ್ತದೆ.

ಆ ಇಳಿತದಲ್ಲಿ ಹಕ್ಕಿಗಳು ಮಾತ್ರ ದುಡಿಯುವುದಿಲ್ಲ. ಸುತ್ತಲಿನ ಹಳ್ಳಿಗಳ ಹೆಂಗಸರೂ ಗಂಡಸರೂ ಬುಟ್ಟಿ ಹಿಡಿದು ಮೊಣಕಾಲುದ್ದದ ನೀರಿಗಿಳಿದು ಬೆಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ಅನೇಕ ಮನೆಗಳ ಒಲೆ ಇದರಿಂದ ಉರಿಯುತ್ತದೆ. ಮನುಷ್ಯರು ಬಾಗಿ ಒಂದು ಕಡೆ, ಹಕ್ಕಿಗಳು ಬಾಗಿ ಇನ್ನೊಂದು ಕಡೆ. ನಡುವೆ ಒಂದಿಷ್ಟು ಅಂತರ. ಇಬ್ಬರಿಗೂ ಸಮುದ್ರ ಬಡಿಸುವುದು ಒಂದೇ ಎಲೆಯಲ್ಲಿ.

ಈಗ ಕೆರೆಯನ್ನೂ ಕಡಲನ್ನೂ ಒಟ್ಟಿಗೆ ಇಟ್ಟು ಯೋಚಿಸಿರಿ. ಕಡಲಿಗೆ ದಿನಕ್ಕೆ ಎರಡು ಬಾರಿ ಇಳಿತ. ನಮ್ಮ ಕೆರೆಗೆ ವರ್ಷಕ್ಕೆ ಒಂದೇ ಇಳಿತ. ಸಂಕ್ರಾಂತಿಯಿಂದ ಯುಗಾದಿಯವರೆಗೆ ನಿಧಾನವಾಗಿ ನಡೆಯುವ ಆ ದೀರ್ಘವಾದ ಇಳಿತದಲ್ಲಿಯೇ ಹಕ್ಕಿಗಳು ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ತುಂಬಿಕೊಳ್ಳಬೇಕು. ಹೊರಡುವ ಮುನ್ನ ಕೆಲವು ಜಾತಿಯ ಗೊರವಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆ ಕೊಬ್ಬು ಎಷ್ಟು ದೂರ ಕೊಂಡೊಯ್ಯಬಲ್ಲದು? 2022ರಲ್ಲಿ ಪಟ್ಟೆಬಾಲದ ಗೊರವವೊಂದು ಅಲಾಸ್ಕದಿಂದ ಆಸ್ಟ್ರೇಲಿಯದ ಟ್ಯಾಸ್ಮೇನಿಯಕ್ಕೆ 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ದೂರವನ್ನು ಎಲ್ಲಿಯೂ ಇಳಿಯದೆ ಹಾರಿತು. ಉಣ್ಣಲೂ ಇಲ್ಲ, ಕುಡಿಯಲೂ ಇಲ್ಲ. ಹೊರಡುವ ಮುನ್ನ ಕೆಸರಿನಲ್ಲಿ ಉಂಡ ಊಟವೇ ಅದರ ಬುತ್ತಿ. ಎಲ್ಲ ಹಕ್ಕಿಗಳೂ ಇಷ್ಟು ದೂರ ಹಾರಲಾರವು. ಆದರೆ ಬುತ್ತಿಯಿಲ್ಲದೆ ಹೊರಡುವ ಹಕ್ಕಿ ಯಾವುದೂ ಗುರಿ ಮುಟ್ಟಲಾರದು.

ಇಲ್ಲಿಯೇ ನಮ್ಮ ಕಾಲದ ತೊಡಕು ಇರುವುದು. ಕೆರೆಗಳನ್ನು ಉಳಿಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಅದು ಸಂತೋಷದ ವಿಷಯ. ಆದರೆ ಉಳಿಸುವ ಕೆಲಸವೂ ಒಮ್ಮೊಮ್ಮೆ ಕೆಡಿಸುವ ಕೆಲಸವಾಗುತ್ತದೆ. ಕೆರೆಯ ಸುತ್ತಲೂ ಏರಿ ಹಾಕಿ, ದಡಕ್ಕೆ ಕಲ್ಲು ಕಟ್ಟಿ, ತಳವನ್ನು ಎಲ್ಲ ಕಡೆಯೂ ಒಂದೇ ಸಮನಾಗಿ ಅಗೆದು, ಮೇಲೆ ವಾಯುವಿಹಾರದ ಹಾದಿ ಮಾಡಿದರೆ ಕೆರೆ ನೋಡಲು ಚೆನ್ನಾಗಿರಬಹುದು. ಅದು ಆಗ ಕೆರೆಯಾಗಿರುವುದಿಲ್ಲ, ದೊಡ್ಡದೊಂದು ಬಟ್ಟಲಾಗಿರುತ್ತದೆ. ಬಟ್ಟಲಿಗೆ ಅಂಗಳವಿಲ್ಲ. ಮೀನು ಹಿಡಿಯುವ ನೀರುಕಾಗೆ ಅಲ್ಲಿ ಬದುಕೀತು. ಕಾಲು ಮುಳುಗುವಷ್ಟು ಕೆಸರನ್ನು ಅರಸಿ ಬಂದ ಗೊರವ ಬಂದ ದಾರಿಯನ್ನೇ ಹಿಡಿಯಬೇಕು. ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹರಿಸುವ ಯೋಜನೆಯಿದೆ. ಬತ್ತಿದ ಕೊಳವೆಬಾವಿಗಳ ನಾಡಿನಲ್ಲಿ ನೀರಿನ ಬೆಲೆ ರೈತನಿಗೆ ಗೊತ್ತು; ಅವನ ಅಗತ್ಯವನ್ನು ಅಲ್ಲಗಳೆಯುವುದು ಸಲ್ಲದು. ಆದರೆ ವರ್ಷವೆಲ್ಲ ಅಂಚಿನವರೆಗೆ ತುಂಬಿಯೇ ಇರುವ ಕೆರೆಗೆ ಇಳಿತವೆಂಬುದೇ ಇರುವುದಿಲ್ಲ. ರೈತನಿಗೂ ಹಕ್ಕಿಗೂ ನಡುವೆ ಒಬ್ಬರನ್ನು ಆರಿಸಬೇಕಾದ ಕಷ್ಟವೇನೂ ಇಲ್ಲಿಲ್ಲ. ತೂಬಿನ ಕಡೆಯ ಹೂಳನ್ನು ತೆಗೆದು, ನೀರು ಬರುವ ಕಡೆಯ ಅಂಗಳವನ್ನು ಅದರ ಇಳಿಜಾರಿಗೇ ಬಿಟ್ಟರೆ ಇಬ್ಬರ ಪಾಲೂ ಉಳಿಯುತ್ತದೆ. ಹಿರಿಯರು ಕಟ್ಟಿದ ಕೆರೆಯ ಕ್ರಮವೇ ಅದು.

ಇಂತಹ ಜೌಗುನೆಲಗಳ ಬೆಲೆಯನ್ನು ಜಗತ್ತು ತಡವಾಗಿಯಾದರೂ ಅರಿತಿದೆ. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಪಟ್ಟಣದಲ್ಲಿ ಅನೇಕ ದೇಶಗಳವರು ಸೇರಿ ಜೌಗುನೆಲಗಳ ರಕ್ಷಣೆಗಾಗಿ ಒಂದು ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು ರಂಗನತಿಟ್ಟು, 2022ರಲ್ಲಿ. ಪಕ್ಷಿವಿಜ್ಞಾನಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಅಭ್ಯಾಸ ಮಾಡಿದ ಕಾಲದಲ್ಲಿ, 1940ರಲ್ಲಿ, ಪಕ್ಷಿಧಾಮವಾದ ಸ್ಥಳ ಅದು. 2024ರಲ್ಲಿ ಅಘನಾಶಿನಿಯ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ ಸೇರಿದುವು. ಈ ನಾಲ್ಕರಲ್ಲಿ ಅಂಕಸಮುದ್ರವೂ ಮಾಗಡಿಯೂ ಮನುಷ್ಯರು ಬೇಸಾಯಕ್ಕಾಗಿ ಕಟ್ಟಿಕೊಂಡ ಕೆರೆಗಳೆಂಬುದನ್ನು ಗಮನಿಸಬೇಕು. ಹಳ್ಳಿಯವರ ಗುದ್ದಲಿ ಹಾರೆಗಳಿಂದಾದ ಕೆಲಸ, ನದಿ ಸಮುದ್ರಗಳು ಸೇರಿ ಮಾಡಿದ ಅಳಿವೆಯ ಸಾಲಿನಲ್ಲಿಯೇ ನಿಂತಿದೆ.

ಹಕ್ಕಿ ನೋಡುವುದಕ್ಕೆ ದೊಡ್ಡ ಸಾಧನಗಳು ಬೇಕಿಲ್ಲ. ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತಾಳ್ಮೆ ಸಾಕು. ಮಾಸಿದ ಬಣ್ಣದ ಬಟ್ಟೆ ತೊಟ್ಟು, ಸೂರ್ಯ ಬೆನ್ನ ಹಿಂದೆ ಇರುವಂತೆ ಕುಳಿತು, ಮಾತನ್ನು ಕಡಿಮೆ ಮಾಡಿರಿ. ಹಿಂಡನ್ನು ಎಬ್ಬಿಸಿ ಹಾರಿಸುವುದು ತಮಾಷೆಯಲ್ಲ. ಹಾಗೆ ಹಾರಿಸಿದಾಗಲೆಲ್ಲ ಅದು ಕೂಡಿಟ್ಟ ಬುತ್ತಿಯ ಒಂದು ತುತ್ತು ವ್ಯರ್ಥವಾಗುತ್ತದೆ. ಹತ್ತು ಹಕ್ಕಿಗಳು ಎಷ್ಟು ಜಾಗ ಹಿಡಿಯುತ್ತವೆಂದು ನೋಡಿಕೊಂಡು, ಅಂತಹ ಹತ್ತುಗಳು ಎಷ್ಟಿವೆಯೆಂದು ಲೆಕ್ಕ ಹಾಕಿದರೆ ದೊಡ್ಡ ಹಿಂಡನ್ನೂ ಎಣಿಸಬಹುದು. ತಾರೀಖು, ವೇಳೆ, ನೀರು ಎಲ್ಲಿಯವರೆಗೆ ಇದೆ, ಯಾವ ಹಕ್ಕಿ ಎಷ್ಟು, ಇವನ್ನು ಬರೆದಿಡಿರಿ. 1987ರಿಂದ ಏಷ್ಯದ ಅನೇಕ ದೇಶಗಳಲ್ಲಿ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಅದರಲ್ಲಿ ದುಡಿಯುವವರಲ್ಲಿ ಬಹುಮಂದಿ ನಿಮ್ಮಂತೆ ನಮ್ಮಂತೆ ಸಾಮಾನ್ಯರೇ. ಒಂದು ಕೆರೆಯಲ್ಲಿ ಹಕ್ಕಿಗಳು ಕಡಿಮೆಯಾಗುತ್ತಿವೆಯೆಂದು ಹೇಳಲು ಹಲವು ವರ್ಷಗಳ ಲೆಕ್ಕ ಬೇಕು. ಆ ಲೆಕ್ಕವನ್ನು ಊರಿನವರೇ ಇಡದಿದ್ದರೆ ಮತ್ತಾರು ಇಡಬೇಕು?

ನಿಮ್ಮ ಊರಿನ ಕೆರೆಯನ್ನು ದುರಸ್ತಿ ಮಾಡುವ ದಿನ ಬಂದೇ ಬರುತ್ತದೆ. ಅಂದು ಗ್ರಾಮಸಭೆಯಲ್ಲಿ ಏರಿ ಎಷ್ಟೆತ್ತರ, ತೂಬು ಎಲ್ಲಿ, ಹಾದಿ ಎಷ್ಟಗಲ ಎಂಬ ಮಾತುಗಳು ನಡೆಯುತ್ತವೆ. ಆಗ ಎದ್ದು ನಿಂತು, ನೀರು ಬರುವ ಕಡೆಯ ಅಂಗಳವನ್ನು ಹಾಗೆಯೇ ಬಿಡಿ ಎಂದು ಹೇಳುವವರು ಒಬ್ಬರಾದರೂ ಇರಬೇಕು. ಏಕೆಂದು ಕೇಳಿದರೆ ತೋರಿಸಲು, ಶಾಲೆಯ ದಿನಗಳಿಂದ ಬರೆದಿಟ್ಟ ಹಕ್ಕಿಗಳ ಲೆಕ್ಕದ ಪುಸ್ತಕವೊಂದು ಅವರ ಕೈಯಲ್ಲಿರಬೇಕು.